ಮರವಿಲ್ಲದ ನಾಡಿನ ಹಕ್ಕಿಗಳು

(ಬಳಗದ ಸಮಾವೇಶದಲ್ಲಿ ಡಾಬಕಾದ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ನಾನು ಕರ್ನಾಟಕದ ಭೂಪಟದ ತುತ್ತತುದಿಯಿಂದ ಬಂದವನು. ಬೀದರ ಜಿಲ್ಲೆಯನ್ನು ರಾಜ್ಯದ ಕಿರೀಟವೆಂದು ಕರೆಯುವ ವಾಡಿಕೆಯಿದೆ. ಆ ಕಿರೀಟದ ಮೇಲಂಚಿನಲ್ಲಿ, ಔರಾದ ಸೀಮೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ ಡಾಬಕಾ ಎಂಬ ನಮ್ಮ ಊರಿದೆ. ನಮ್ಮಲ್ಲಿ ಕಡಲಿಲ್ಲ, ಘಟ್ಟವಿಲ್ಲ, ನೀವು ಕಾಡು ಎಂದು ಕರೆಯುವಂಥ ಕಾಡೂ ಇಲ್ಲ. ಅಪರೂಪದ ಹಕ್ಕಿಗಳ ಬಗ್ಗೆ ಮಾತನಾಡಬೇಕೆಂದು ಬಳಗದವರು ನನ್ನನ್ನು ಕರೆದಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು.

ಇಂದು ಬೆಳಿಗ್ಗೆ ಚಹಾದ ವೇಳೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು: "ಸರ್, ನಿಮ್ಮ ಬೀದರದಲ್ಲಿ ಮರಗಳೇ ಕಡಿಮೆಯಂತೆ. ಅಂಥ ಕಡೆ ಅಪರೂಪದ ಹಕ್ಕಿಗಳು ಎಲ್ಲಿ ಇರುತ್ತವೆ?" ಪ್ರಶ್ನೆ ನೇರವಾಗಿತ್ತು. ಮೂವತ್ತು ವರ್ಷಗಳ ಹಿಂದೆ ಶಿಕ್ಷಕನಾಗಿದ್ದ ನಾನೂ ಹೀಗೆಯೇ ಯೋಚಿಸುತ್ತಿದ್ದೆ. ಹಾಗೆ ಯೋಚಿಸಿದ್ದರಿಂದ ಒಂದು ತಪ್ಪನ್ನೂ ಮಾಡಿದೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದಕ್ಕಾಗಿಯೇ ಇಷ್ಟು ದೂರ ಬಂದಿದ್ದೇನೆ ಎಂದರೂ ಸರಿಯೇ. ಅದಕ್ಕೆ ಮೊದಲು ನಮ್ಮ ನೆಲದ ಪರಿಚಯವನ್ನು ಮಾಡಿಕೊಡುತ್ತೇನೆ.

ಬೀದರ ನಗರವಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ನಿಮ್ಮ ಮನೆಗಳ ಗೋಡೆಗೆ ಬಳಸುವ ಕಲ್ಲಿನ ಜಾತಿಯೇ ಅದು. ಅಲ್ಲಿಂದ ಭಾಲ್ಕಿ, ಔರಾದಗಳ ಕಡೆಗೆ ಇಳಿದರೆ ಕಪ್ಪು ಎರೆಮಣ್ಣು, ಅಲ್ಲಲ್ಲಿ ಕಲ್ಲುಮರಡಿಗಳು, ಮರಡಿಗಳ ಮೇಲೆ ಮೊಣಕಾಲುದ್ದದ ಹುಲ್ಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಬಿದ್ದರೆ ನಮ್ಮಲ್ಲಿ ಬೀಳುವುದು ಸುಮಾರು 850 ಮಿಲಿಮೀಟರು. ನಿಮ್ಮ ನದಿಗಳು ಪಡುವಣ ಕಡಲಿಗೋ ಕೃಷ್ಣೆ, ಕಾವೇರಿಗಳಿಗೋ ಹರಿಯುತ್ತವೆ. ನಮ್ಮ ಮಾಂಜರಾ ನದಿ ಮತ್ತು ಅದರ ಉಪನದಿ ಕಾರಂಜಾ ಗೋದಾವರಿಯನ್ನು ಸೇರುತ್ತವೆ.

ಈ ನೆಲ ಬಹುಕಾಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ಪುನರ್ರಚನೆಗೊಂಡಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಮುಂತಾದವು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದಗಳು ಕನ್ನಡ ನಾಡಿಗೆ ಸೇರಿದವು. ಇದರಿಂದ ಹಕ್ಕಿಗಳ ಅಧ್ಯಯನದಲ್ಲಿಯೂ ಒಂದು ವಿಚಿತ್ರ ಉಂಟಾಯಿತು. ಸಲೀಂ ಅಲಿಯವರು 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಅವರು ಕೈಗೊಂಡದ್ದು 1939-40ರಲ್ಲಿ. ನಾವು ಆಗ ಮೈಸೂರಿನವರಲ್ಲವಾದ್ದರಿಂದ ಆ ಎರಡನೆಯ ಸಮೀಕ್ಷೆಯ ವ್ಯಾಪ್ತಿಯೊಳಗೆ ನಮ್ಮ ಸೀಮೆ ಬರಲಿಲ್ಲ. ಮುಂದೆ ಕರ್ನಾಟಕದ ಹಕ್ಕಿಗಳೆಂದರೆ ಘಟ್ಟದ ಮಂಗಟ್ಟೆ, ರಂಗನತಿಟ್ಟಿನ ಕೊಕ್ಕರೆ ಎಂಬ ಭಾವನೆ ಬೆಳೆಯಿತು. ಎರೆನೆಲದ ಹಕ್ಕಿಗಳು ಹೆಚ್ಚಿನವರ ಕಣ್ಣಿಗೆ ಬೀಳದೇ ಉಳಿದವು.

ಅಪರೂಪ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ದೂರದಿಂದ ಬಂದ ಅತಿಥಿ, ಎಂದೋ ಒಮ್ಮೆ ಕಾಣುವುದು. ಇನ್ನೊಂದು, ನಮ್ಮದೇ ಮನೆಯ ಹಕ್ಕಿಯಾಗಿದ್ದು ನಮ್ಮ ಕಣ್ಣೆದುರೇ ಕಡಿಮೆಯಾಗುತ್ತ ಹೋದದ್ದು. ಮೊದಲನೆಯದನ್ನು ಕಂಡಾಗ ನಾವು ಸಂಭ್ರಮಿಸುತ್ತೇವೆ. ಎರಡನೆಯದು ಹೋದದ್ದು ನಮ್ಮ ಗಮನಕ್ಕೇ ಬರುವುದಿಲ್ಲ.

ಅತಿಥಿಗಳಿಂದಲೇ ಆರಂಭಿಸೋಣ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಚಳಿಗಾಲದಲ್ಲಿ ಹಿನ್ನೀರು ಇಳಿದು ಕೆಸರಿನ ದಂಡೆ ತೆರೆದುಕೊಂಡಾಗ ಅಲ್ಲಿ ನಾನಾ ಬಗೆಯ ಬಾತುಗಳೂ ನೀರುಹಕ್ಕಿಗಳೂ ಸೇರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ದಖ್ಖನ್ನಿನ ಕೆರೆಗಳಿಗೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳ ವಿಷಯವನ್ನು ನೀವು ಕೇಳಿರಬಹುದು. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಬೂದುಬಣ್ಣದ ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿಯ ಗರಿಗುಚ್ಛವಿರುವ ಡೆಮೊಯ್ಸೆಲ್ ಕ್ರೌಂಚಗಳೂ ದಖ್ಖನ್ನಿಗೆ ಬರುವುದುಂಟು. ಹಗಲು ಹೊಲದಲ್ಲಿ ಉದುರಿದ ಕಾಳುಗಳನ್ನು ಆರಿಸಿ ತಿಂದು, ರಾತ್ರಿ ನೀರಿನಂಚಿನಲ್ಲಿ ತಂಗುವುದು ಅವುಗಳ ಪದ್ಧತಿ. ಕಡಲಿಲ್ಲದ ಜಿಲ್ಲೆಗೆ ಇವೆಲ್ಲ ದೊಡ್ಡ ಉಡುಗೊರೆಗಳೇ.

ಆದರೆ ಇಂದು ನಾನು ಹೆಚ್ಚಾಗಿ ಹೇಳಬೇಕೆಂದಿರುವುದು ನೀರಿನ ಅತಿಥಿಯ ಬಗ್ಗೆಯಲ್ಲ, ಹುಲ್ಲಿನ ಅತಿಥಿಯ ಬಗ್ಗೆ. ಅದು ಸೆಳೆವ ಎಂಬ ಬೇಟೆಹಕ್ಕಿ. ನಮ್ಮಲ್ಲಿಗೆ ಬರುವ ಮುಖ್ಯವಾದವು ಬಿಳಿ ಸೆಳೆವ ಮತ್ತು ಮಾಂಟೇಗು ಸೆಳೆವ. ಗಂಡು ಬೆಳ್ಳಗೆ ಅಥವಾ ಬೂದಿಯ ಬಣ್ಣದ್ದು, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು. ಹದ್ದಿನಂತೆ ಅದು ಆಕಾಶದಲ್ಲಿ ಎತ್ತರಕ್ಕೆ ಏರಿ ಸುತ್ತುತ್ತಲೇ ಇರುವುದಿಲ್ಲ. ಹುಲ್ಲಿನ ತುದಿಗೆ ಒಂದೆರಡು ಮಾರು ಮೇಲೆ, ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು, ತೇಲುತ್ತ ಸಾಗುತ್ತದೆ. ಕಜಾಕಿಸ್ತಾನ ಮುಂತಾದ ಮಧ್ಯ ಏಷ್ಯಾದ ಹುಲ್ಲುಬಯಲುಗಳಲ್ಲಿ ಬೇಸಿಗೆಯನ್ನು ಕಳೆದು, ಮರಿಮಾಡಿ, ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಮರಳುತ್ತದೆ.

ಇಷ್ಟು ದೂರದಿಂದ ಬಂದ ಹಕ್ಕಿ ನಮ್ಮಲ್ಲಿ ತಿನ್ನುವುದೇನು? ಬಹುಪಾಲು ಮಿಡತೆ. ಆಂಧ್ರಪ್ರದೇಶದ ರೋಳ್ಳಪಾಡು ಹುಲ್ಲುಗಾವಲಿನಲ್ಲಿ ಸೆಳೆವಗಳು ಉಗುಳಿದ ಉಂಡೆಗಳನ್ನು ಸಂಶೋಧಕರು ಬಿಡಿಸಿ ನೋಡಿದಾಗ ಅವುಗಳಲ್ಲಿ ಮಿಡತೆಗಳ ಅವಶೇಷಗಳು ಹೇರಳವಾಗಿ ಕಂಡವು. ಜೋಳ, ತೊಗರಿ, ಕಡಲೆ ಬೆಳೆಯುವ ರೈತನಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಬೇಕೆ? ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸೆಳೆವ ರಾತ್ರಿ ಮರದ ಮೇಲೆ ಮಲಗುವುದಿಲ್ಲ. ಸಂಜೆ ಸೂರ್ಯ ಮುಳುಗುವ ವೇಳೆಗೆ ಹತ್ತೋ ಇಪ್ಪತ್ತೋ ನೂರೋ ಹಕ್ಕಿಗಳು ಒಂದೇ ಹುಲ್ಲುಗಾವಲಿಗೆ ಬಂದು, ಹುಲ್ಲಿನ ನಡುವೆ ನೆಲದ ಮೇಲೆಯೇ ಇಳಿದು ರಾತ್ರಿ ಕಳೆಯುತ್ತವೆ. ಗುಜರಾತಿನ ವೆಳಾವದರದಲ್ಲಿ ಒಂದು ಕಾಲಕ್ಕೆ ಹೀಗೆ ಸಾವಿರಾರು ಸೆಳೆವಗಳು ಒಟ್ಟಾಗಿ ಇಳಿಯುತ್ತಿದ್ದವು. ಅವು ಮಲಗಲು ಸುತ್ತಲೂ ತೆರೆದ ಹುಲ್ಲು ಬೇಕು. ತೋಪು ಬೆಳೆದಲ್ಲಿ ಅವು ಇಳಿಯುವುದಿಲ್ಲ.

ಇನ್ನು ಮನೆಯ ಹಕ್ಕಿಗಳು. ಕಲ್ಲುಮರಡಿಯ ಮೇಲೆ ನಡೆಯುವಾಗ ಕಾಲ ಬುಡದಿಂದಲೇ ಭರ್ರನೆ ಹಾರುವ, ಪಾರಿವಾಳದ ಗಾತ್ರದ ಒಂದು ಹಕ್ಕಿಯಿದೆ. ಪುಸ್ತಕಗಳಲ್ಲಿ ಅದಕ್ಕೆ ಸ್ಯಾಂಡ್‌ಗ್ರೌಸ್ ಎಂದು ಹೆಸರು. ಒಣ ಬೀಜಗಳನ್ನೇ ತಿಂದು ಬದುಕುವುದರಿಂದ ಅದಕ್ಕೆ ದಿನವೂ ನೀರು ಬೇಕು. ಬೆಳಗಿನಲ್ಲಿ ಗುಂಪುಗುಂಪಾಗಿ ದೂರದ ನೀರಿಗೆ ಹಾರಿ ಹೋಗುತ್ತದೆ. ಮರಿಗಳಿರುವಾಗ ಗಂಡುಹಕ್ಕಿ ತನ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿ ನೆನೆಸಿಕೊಂಡು ಹಿಂದಿರುಗುತ್ತದೆ. ಮರಿಗಳು ಆ ಗರಿಗಳಿಗೆ ಬಾಯಿಟ್ಟು ನೀರು ಹೀರುತ್ತವೆ. ಹೊಟ್ಟೆಯ ಗರಿಯಲ್ಲಿ ನೀರು ಹೊತ್ತು ತರುವ ಈ ತಂದೆಯನ್ನು ನೋಡಲು ಮಕ್ಕಳು ಯಾವ ಅಭಯಾರಣ್ಯಕ್ಕೂ ಹೋಗಬೇಕಾಗಿಲ್ಲ. ಊರ ಹೊರಗಿನ ಹೊಂಡದ ಬಳಿ ಬೆಳಿಗ್ಗೆ ಸದ್ದಿಲ್ಲದೆ ಕುಳಿತರೆ ಸಾಕು.

ಕೋರ್ಸರ್ ಎಂಬ ಇನ್ನೊಂದು ಹಕ್ಕಿಯಿದೆ. ಟಿಟ್ಟಿಭದ ದೂರದ ನೆಂಟ. ಎದೆ ಇಟ್ಟಿಗೆಯ ಬಣ್ಣ, ಕಣ್ಣಿನ ಮೇಲೆ ಬಿಳಿಯ ಪಟ್ಟೆ. ಹಾರುವುದಕ್ಕಿಂತ ಓಡುವುದೇ ಅದಕ್ಕೆ ಪ್ರೀತಿ. ಸರ್ರನೆ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಬಗ್ಗಿ ಹುಳವನ್ನು ಹೆಕ್ಕುತ್ತದೆ. ಅದು ಗೂಡನ್ನೇ ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಎರಡು ಅಡಿ ದೂರದಲ್ಲಿ ನಿಂತರೂ ಕಲ್ಲಾವುದು, ಮೊಟ್ಟೆಯಾವುದು ತಿಳಿಯುವುದಿಲ್ಲ. ಅದರ ರಕ್ಷಣೆಯೆಲ್ಲ ಈ ಬಣ್ಣದಲ್ಲಿಯೇ ಇದೆ. ಅಂಥ ನೆಲವನ್ನು ಯಂತ್ರದಿಂದ ಕೆದಕಿದರೆ ಮೊಟ್ಟೆ ಒಡೆದದ್ದು ಕೂಡ ಯಾರಿಗೂ ಕಾಣದು.

ನಮ್ಮ ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿರುವ ಹಕ್ಕಿಯೊಂದಿದೆ. ಮರಾಠಿಯಲ್ಲಿ ಅದು ಮಾಳಢೋಕ. ಗಡಿಯವರಾದ ನಾವೂ ಹಾಗೆಯೇ ಕರೆಯುತ್ತೇವೆ. ಬಳ್ಳಾರಿಯ ಕಡೆ ಎರೆಭೂತ ಎನ್ನುತ್ತಾರೆ. ಆಳೆತ್ತರವಲ್ಲದಿದ್ದರೂ ಒಂದು ಮೀಟರಿನಷ್ಟು ಎತ್ತರ, ಗಂಡು ಹದಿನೈದು ಕಿಲೋಗ್ರಾಮಿನವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರಿದ್ದು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ದಖ್ಖನ್ನಿನ ಹುಲ್ಲುನೆಲವೆಲ್ಲ ಒಮ್ಮೆ ಅದರ ಮನೆಯಾಗಿತ್ತು. ಸೋಲಾಪುರದ ಸಮೀಪದ ನಾನ್ನಜದಲ್ಲಿ ಅದಕ್ಕಾಗಿಯೇ 1979ರಲ್ಲಿ ಅಭಯಾರಣ್ಯ ಮಾಡಲಾಯಿತು. ಇಂದು ಇಡೀ ಜಗತ್ತಿನಲ್ಲಿ ಕಾಡಿನಲ್ಲಿ ಸ್ವತಂತ್ರವಾಗಿ ಉಳಿದಿರುವ ಮಾಳಢೋಕಗಳು ನೂರೈವತ್ತಕ್ಕಿಂತ ಕಡಿಮೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರದ ಸುತ್ತ ಇವೆ. ತಲೆಯ ಮುಂಭಾಗವನ್ನು ಸರಿಯಾಗಿ ನೋಡಲಾರದ ಈ ಭಾರದ ಹಕ್ಕಿ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಈ ಕಾರಣಕ್ಕೆ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2021ರಲ್ಲಿ ತಂತಿಗಳನ್ನು ನೆಲದಡಿ ಹಾಯಿಸುವ ಆದೇಶವೂ ಬಂದು, 2024ರಲ್ಲಿ ಅದು ಮಾರ್ಪಾಟಾಯಿತು.

ನಮ್ಮ ರಾಜ್ಯದಲ್ಲಿಯೇ ಒಂದು ಪಾಠವಿದೆ. ರಾಣೆಬೆನ್ನೂರಿನ ಹುಲ್ಲುಬಯಲನ್ನು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಅಲ್ಲಿ ಮಾಳಢೋಕಗಳೂ ಇದ್ದವು. ಆದರೆ ಆ ಬಯಲಿನ ಬಹುಭಾಗ ನೀಲಗಿರಿಯ ನೆಡುತೋಪಾಗಿತ್ತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡು ಬೆಳೆದವು. ಮಾಳಢೋಕ ಮಾತ್ರ ಕಾಣೆಯಾಯಿತು. ಅದನ್ನು ಯಾರೂ ಬಂದೂಕಿನಿಂದ ಸುಟ್ಟು ಮುಗಿಸಲಿಲ್ಲ. ಅದರ ಮನೆಯೊಳಗೆ ಮರ ನೆಟ್ಟರು, ಅಷ್ಟೆ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲ. ಇಂಗ್ಲೆಂಡಿನಲ್ಲಿ ವಿಲ್ಟ್‌ಶೈರ್ ಎಂಬ ಜಿಲ್ಲೆಯಿದೆ. ನಮ್ಮ ಬೀದರದಂತೆ ಅದಕ್ಕೂ ಕಡಲ ತೀರವಿಲ್ಲ. ಮಾಳಢೋಕದ ಸೋದರಸಂಬಂಧಿಯಾದ ಗ್ರೇಟ್ ಬಸ್ಟರ್ಡ್ ಎಂಬ ಹಕ್ಕಿ ಅಲ್ಲಿಯ ಬಯಲುಗಳಲ್ಲಿ ಇತ್ತು. ಉಳುಮೆ, ಬೇಟೆಗಳಿಂದ ಅದು ಕಡಿಮೆಯಾಗುತ್ತ ಬಂದು, 1832ರ ನಂತರ ಬ್ರಿಟನ್ನಿನಲ್ಲಿ ಅದರ ಸಂತಾನವೇ ನಿಂತುಹೋಯಿತು. 2004ರಲ್ಲಿ ರಷ್ಯಾದಿಂದ ಮರಿಗಳನ್ನು ವಿಮಾನದಲ್ಲಿ ತಂದು ವಿಲ್ಟ್‌ಶೈರಿನ ಸಾಲ್ಸ್‌ಬರಿ ಬಯಲಿನಲ್ಲಿ ಬಿಟ್ಟರು. 2009ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು. ಆ ಬಯಲಾದರೂ ಉಳಿದಿದ್ದೇಕೆ? ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸೈನ್ಯದ ತರಬೇತಿಯ ಮೈದಾನವಾಗಿತ್ತು. ಆದ್ದರಿಂದ ಬಹುಭಾಗಕ್ಕೆ ನೇಗಿಲು ಹೋಗಲಿಲ್ಲ. ಹಕ್ಕಿ ಹೋದರೂ ಹುಲ್ಲು ಉಳಿದಿತ್ತು, ಆದ್ದರಿಂದ ಹಕ್ಕಿಯನ್ನು ಮರಳಿ ತರಲು ಸಾಧ್ಯವಾಯಿತು. ಹುಲ್ಲೂ ಹೋಗಿದ್ದರೆ ಎಷ್ಟು ಹಣ ಸುರಿದರೂ ಮರಿಗಳನ್ನು ತಂದು ಬಿಡಲು ಜಾಗವೇ ಇರುತ್ತಿರಲಿಲ್ಲ.

ಈಗ ನನ್ನ ತಪ್ಪಿನ ಮಾತು.

ನಮ್ಮ ಸೀಮೆಯಲ್ಲಿ ಊರ ದನಗಳ ಮೇವಿಗಾಗಿ ಬಿಟ್ಟ ಸಾರ್ವಜನಿಕ ಭೂಮಿಗೆ ಗಾಯರಾಣ ಎಂದು ಹೆಸರು. ನಾನು ಕೆಲಸ ಮಾಡುತ್ತಿದ್ದ ಊರೊಂದರ ಹೊರಗೆ ಅಂಥದೊಂದು ಗಾಯರಾಣವಿತ್ತು. 1998ರ ಮಳೆಗಾಲದಲ್ಲಿ ಸಸಿಗಳನ್ನು ಹಂಚುವವರು ಬಂದರು. ಪಡಬಿದ್ದ ನೆಲವನ್ನು ಹಸಿರು ಮಾಡೋಣವೆಂದು ನಾನು ಉತ್ಸಾಹದಿಂದ ಒಪ್ಪಿಕೊಂಡೆ. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದೆ. ಮೂರು ದಿನ ಗುಂಡಿ ತೋಡಿದೆವು, ನೀಲಗಿರಿಯನ್ನೂ ಗ್ಲಿರಿಸಿಡಿಯವನ್ನೂ ನೆಟ್ಟೆವು. ಸುತ್ತ ಕಂದಕ ತೆಗೆಸಿ ದನಗಳು ಬರದಂತೆ ಮಾಡಿದೆವು. ಭಾಷಣವನ್ನೂ ಮಾಡಿದೆನು. ದನ ಕಾಯುವ ಮುದುಕನೊಬ್ಬ ದೂರದಲ್ಲಿ ನಿಂತು ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಹತ್ತಿರ ಬಂದು ಹೇಳಿದ: "ಗುರುಗಳ, ಗಿಡ ಹಚ್ಚೋದು ಪುಣ್ಯದ ಕೆಲಸ, ಖರೆ. ಆದ್ರ ಇದು ಖಾಲಿ ಜಾಗ ಅಂತ ನಿಮಗ ಯಾರು ಹೇಳಿದ್ರು?"

ನಾನು ನಕ್ಕು ಸುಮ್ಮನಾದೆ. ಆ ಮುದುಕ ಪ್ರತಿ ಚಳಿಗಾಲದಲ್ಲಿಯೂ ಅಲ್ಲಿ ಸಂಜೆ ಇಳಿಯುವ ಬಿಳಿಯ ಹಕ್ಕಿಗಳನ್ನು ನೋಡುತ್ತಿದ್ದವನು. ನನಗೆ ಅವುಗಳ ಹೆಸರೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ, ಹಕ್ಕಿಗಳನ್ನು ನೋಡುವ ಹವ್ಯಾಸ ಹತ್ತಿದಾಗ, ಅವನ ಜೊತೆಯಲ್ಲಿಯೇ ಆ ಗಾಯರಾಣಕ್ಕೆ ಹೋದೆ. ನೆಟ್ಟ ಸಸಿಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಬದುಕಿದ್ದವು ತೋಪಾಗಿದ್ದವು. ಅವುಗಳ ನೆರಳಿನಲ್ಲಿ ಮೊದಲಿನ ಹುಲ್ಲು ಇರಲಿಲ್ಲ. ಸಂಜೆಯವರೆಗೆ ಕುಳಿತೆವು. ಒಂದು ಸೆಳೆವ ದೂರದಿಂದ ಬಂದು, ತೋಪಿನ ಮೇಲೆ ಎರಡು ಸುತ್ತು ಹಾಕಿ, ಮುಂದೆ ಹೋಯಿತು. ಆ ಮುದುಕ ಏನೂ ಹೇಳಲಿಲ್ಲ. ನನಗೆ ಅಂದು ತಿಳಿಯಿತು, ನಾನು ಮಕ್ಕಳ ಕೈಯಿಂದಲೇ ಅವುಗಳ ಮನೆಯನ್ನು ಮುಚ್ಚಿಸಿದ್ದೆ ಎಂದು.

ನಾನು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಾಗಾದರೆ ತಪ್ಪು ಎಲ್ಲಿಂದ ಬಂತು? ಒಂದು ಪದದಿಂದ ಬಂತು. ಕಂದಾಯದ ದಫ್ತರಗಳಲ್ಲಿ ತೆರಿಗೆ ತರದ ನೆಲಕ್ಕೆಲ್ಲ ಬಂಜರು, ಖರಾಬು, ಪಾಳು ಎಂಬ ಹೆಸರುಗಳು ಬಿದ್ದವು. ಸ್ವಾತಂತ್ರ್ಯಾನಂತರವೂ ಅದು ತಪ್ಪಲಿಲ್ಲ. 2000ದಲ್ಲಿ ಕೇಂದ್ರ ಸರ್ಕಾರ ಉಪಗ್ರಹ ಚಿತ್ರಗಳ ಸಹಾಯದಿಂದ ಭಾರತದ ಪಾಳುಭೂಮಿಯ ಭೂಪಟವನ್ನು ಹೊರತಂದಿತು. ಕುರುಚಲು ಬಯಲುಗಳೂ ಮೇವಿನ ನೆಲಗಳೂ ಅದರಲ್ಲಿ ಪಾಳುಭೂಮಿಯ ವರ್ಗಗಳೊಳಗೆ ಬಂದವು. ಒಮ್ಮೆ ಪಾಳು ಎಂದು ಬರೆದ ಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ಏನು ಬೇಕಾದರೂ ಮಾಡಬಹುದು. ಕಾಡನ್ನು ಕಡಿದರೆ ಜನ ಕೇಳುತ್ತಾರೆ. ಹುಲ್ಲುಗಾವಲನ್ನು ಅಗೆದರೆ ಅಭಿವೃದ್ಧಿಯಾಯಿತು ಎನ್ನುತ್ತಾರೆ.

ಆದರೆ ಆ ನೆಲದಲ್ಲಿ ಬದುಕು ನಡೆಯುತ್ತಿತ್ತು. ನಮ್ಮ ಸೀಮೆಯ ದೇವಣಿ ತಳಿಯ ದನಗಳ ಹೆಸರನ್ನು ನೀವು ಕೇಳಿರಬಹುದು. ಗಡಿಯಾಚೆಯ ದೇವಣಿ ಎಂಬ ಊರಿನಿಂದ ಅದಕ್ಕೆ ಆ ಹೆಸರು. ಉಳುಮೆಗೂ ಹಾಲಿಗೂ ಒದಗುವ ತಳಿ. ಕಪ್ಪು ಮಚ್ಚೆಗಳಿರುವ ಶೇವೇರಾ, ಮುಖದಲ್ಲಿ ಮಾತ್ರ ಕಪ್ಪಿರುವ ವಾನೇರಾ, ಪೂರ್ತಿ ಬಿಳಿಯ ಬಾಳಂಕ್ಯಾ ಎಂದು ಅದರಲ್ಲಿ ಮೂರು ಬಗೆ. ಈ ದನಗಳನ್ನು ಬೆಳೆಸಿದ್ದು ಗಾಯರಾಣದ ಹುಲ್ಲು. ದನ ಹದವಾಗಿ ಮೇಯ್ದ ನೆಲದಲ್ಲಿಯೇ ಕೋರ್ಸರ್ ಓಡಾಡುತ್ತದೆ, ನೆಲಗುಬ್ಬಿ ಗೂಡಿಡುತ್ತದೆ. ಸ್ವಲ್ಪ ಉದ್ದವಾಗಿ ಬಿಟ್ಟ ಹುಲ್ಲಿನಲ್ಲಿ ಸೆಳೆವ ಮಲಗುತ್ತದೆ, ಗೌಜಲು ಅಡಗುತ್ತದೆ. ಆದ್ದರಿಂದ ಹಕ್ಕಿಗಳಿಗಾಗಿ ದನಗಾಹಿಗಳನ್ನು ಓಡಿಸಿರೆಂದು ನಾನು ಹೇಳುತ್ತಿಲ್ಲ. ದನಗಾಹಿ ಉಳಿದರೆ ಹಕ್ಕಿಯೂ ಉಳಿದೀತು ಎನ್ನುತ್ತಿದ್ದೇನೆ.

ಹುಲ್ಲಿನ ಕೆಲಸ ಇಷ್ಟೇ ಅಲ್ಲ. ಬೀದರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ ಆ ತೂತುಕಲ್ಲಿನೊಳಗೆ ಇಂಗಿ, ಕೆಳಗಿನ ಗಟ್ಟಿ ಕರಿಕಲ್ಲನ್ನು ಮುಟ್ಟಿ, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಇದನ್ನರಿತೇ ಬಹಮನಿಗಳ ಕಾಲದಲ್ಲಿ ಸುರಂಗ ಬಾವಿಗಳನ್ನು ತೋಡಿ ನಗರಕ್ಕೂ ಕೋಟೆಗೂ ನೀರು ತಂದರು. ಮೇಲಿನ ನೆಲ ತೆರೆದಿದ್ದರೆ, ಅದಕ್ಕೆ ಹುಲ್ಲಿನ ಹೊದಿಕೆ ಇದ್ದರೆ, ಕೆಳಗೆ ನೀರು. ಮೇಲೆ ಕಾಂಕ್ರೀಟು ಹರಡಿದರೆ ಕೆಳಗೆ ಬರಿಯ ಸುರಂಗ. ಬಂಜರು ಎಂದವರು ಈ ಲೆಕ್ಕವನ್ನು ಬರೆದಿಡಲಿಲ್ಲ.

ಹೊಲಗಳ ಬದಲಾವಣೆಯನ್ನೂ ಹೇಳಬೇಕು. ಹಿಂದೆ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಹೆಚ್ಚಾಗಿದ್ದವು. ಈಗ ಮುಂಗಾರಿಯಲ್ಲಿ ಸೋಯಾಬೀನು, ನೀರಿರುವಲ್ಲಿ ಕಬ್ಬು. ಔಷಧಿ ಸಿಂಪಡಿಸುವುದು ಹೆಚ್ಚಿದೆ. ಮಿಡತೆ ಇಲ್ಲದ ಹೊಲಕ್ಕೆ ಸೆಳೆವ ಏಕೆ ಬಂದೀತು? ರೈತರನ್ನು ನಾನು ದೂರುತ್ತಿಲ್ಲ. ಅವರೂ ಮಾರುಕಟ್ಟೆಯ ಹಗ್ಗ ಎಳೆದತ್ತ ನಡೆದವರು. ಆದರೆ ಹೊಲದ ಬದುವಿನಲ್ಲಾದರೂ ಹುಲ್ಲನ್ನು ಬಿಡುವುದು, ಬದುವಿಗೆ ಕಳೆನಾಶಕ ಹೊಡೆಯದಿರುವುದು ನಮ್ಮ ಕೈಯಲ್ಲಿದೆ.

ಬೆಟ್ಟದ ಬಂಧುಗಳೇ, ಇದೆಲ್ಲ ನಮಗೆ ಏಕೆ ಎಂದು ನಿಮಗೆ ಅನಿಸಬಹುದು. ನಿಮ್ಮ ನೆಲದಲ್ಲಿಯೂ ಗಾಯರಾಣಗಳಿವೆ. ನೀವು ಅದನ್ನು ಬ್ಯಾಣ ಎನ್ನುತ್ತೀರಿ. ಅಡಿಕೆ ತೋಟದ ಮೇಲಿನ ಹುಲ್ಲಿನ ಗುಡ್ಡ, ದನ ಮೇಯುವ ನೆಲ. ಕುದುರೆಮುಖ, ಬಾಬಾಬುಡನ್‌ಗಿರಿಗಳ ನೆತ್ತಿಯ ಮೇಲೆ ಶೋಲಾ ಕಾಡಿನ ಪಕ್ಕದಲ್ಲಿ ಹುಲ್ಲಿನ ಮೈ ಇದೆ. ಆ ಹುಲ್ಲಿನಲ್ಲಿ ಅಗಲವಾದ ಬಾಲದ, ಕಂದುಬಣ್ಣದ ಒಂದು ಚಿಕ್ಕ ಹಕ್ಕಿ ಬದುಕುತ್ತದೆ. ಅದು ಪಶ್ಚಿಮ ಘಟ್ಟಗಳಿಗೇ ಸೀಮಿತವಾದದ್ದು, ಅದೂ ಅಪಾಯದ ಅಂಚಿನಲ್ಲಿದೆ. ಅದನ್ನು ಕಾಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಬ್ಯಾಣಗಳಲ್ಲಿ ಅಕೇಶಿಯ ಬಂದು ನಿಂತ ಮೇಲೆ ಏನಾಯಿತೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ, ನೀವು ನನಗೆ ಹೇಳಬೇಕು. 1983ರಲ್ಲಿ ಶಿರಸಿಯ ಸೀಮೆಯಲ್ಲಿ ಅಪ್ಪಿಕೋ ಚಳವಳಿ ಹುಟ್ಟಿದಾಗ ಜನ ಅಪ್ಪಿಕೊಂಡದ್ದು ತಮ್ಮ ಕಾಡಿನ ಸಹಜ ಮರಗಳನ್ನು. ಸಹಜ ಕಾಡನ್ನು ಕಡಿದು ಒಂದೇ ಜಾತಿಯ ತೋಪು ಬೆಳೆಸುವುದನ್ನು ಅವರು ವಿರೋಧಿಸಿದರು. ನಾನು ಕೇಳುತ್ತಿರುವುದೂ ಅದೇ ನ್ಯಾಯವನ್ನು. ಯಾವ ನೆಲಕ್ಕೆ ಯಾವುದು ಸಹಜವೋ ಅದು ಅಲ್ಲಿರಲಿ.

ಮರ ನೆಡಬೇಡಿರೆಂದು ಇದರರ್ಥವಲ್ಲ. ಊರೊಳಗೆ ನೆಡೋಣ, ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ, ಹಳ್ಳದ ದಂಡೆಯಲ್ಲಿ ನೆಡೋಣ. ಕಾಡು ಇದ್ದು ಹೋದಲ್ಲಿ ಕಾಡಿನ ಜಾತಿಗಳನ್ನೇ ನೆಡೋಣ. ಆದರೆ ಗುಂಡಿ ತೋಡುವ ಮೊದಲು ಒಂದು ವರ್ಷ ಆ ನೆಲವನ್ನು ನೋಡೋಣ. ಮಳೆಗಾಲದಲ್ಲಿ ಅಲ್ಲಿ ಯಾರು ಗೂಡಿಡುತ್ತಾರೆ, ಚಳಿಗಾಲದ ಸಂಜೆ ಯಾರು ಬಂದು ಇಳಿಯುತ್ತಾರೆ, ಬೇಸಿಗೆಯಲ್ಲಿ ಯಾರ ದನ ಮೇಯುತ್ತದೆ ಎಂದು ಕೇಳೋಣ.

ವಿದ್ಯಾರ್ಥಿಗಳಿಗೆ ಒಂದು ಮಾತು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಹೇಳಿತು. ಬಯಲು, ಹುಲ್ಲುಗಾವಲುಗಳ ಹಕ್ಕಿಗಳೂ ಬೇಟೆಹಕ್ಕಿಗಳೂ ಹೆಚ್ಚು ಇಳಿಮುಖವಾಗಿವೆಯೆಂದು ಅದು ತೋರಿಸಿತು. ಆ ವರದಿಯ ಆಧಾರ ಸಾವಿರಾರು ಸಾಮಾನ್ಯ ಜನರು ಬರೆದಿಟ್ಟ ಟಿಪ್ಪಣಿಗಳು. ನೀವೂ ಬರೆದಿಡಬಹುದು. ದಿನಾಂಕ, ಸ್ಥಳ, ಕಂಡ ಹಕ್ಕಿ, ಸಂಖ್ಯೆ, ಇಷ್ಟೇ ಸಾಕು. ಕಾಣದ ದಿನವನ್ನೂ ಬರೆಯಿರಿ. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಜರ್ಡನ್ ಕೋರ್ಸರ್ ಎಂಬ ಹಕ್ಕಿ ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಯಾರಿಗೂ ಕಾಣದೆ, ಅಳಿಯಿತೆಂದೇ ಜನ ಭಾವಿಸಿದ್ದರು. 1986ರ ಜನವರಿಯಲ್ಲಿ ಕಡಪಾ ಜಿಲ್ಲೆಯಲ್ಲಿ ಅದು ಮತ್ತೆ ಸಿಕ್ಕಿತು. ಸಿಕ್ಕಿದ್ದು ಸ್ಥಳೀಯ ಹಳ್ಳಿಗನೊಬ್ಬನ ಅರಿವಿನಿಂದ. ಪಂಡಿತರ ಪುಸ್ತಕದಲ್ಲಿ ಇಲ್ಲವಾದ ಹಕ್ಕಿ ದನಗಾಹಿಯ ನೆನಪಿನಲ್ಲಿ ಇರಬಹುದು. ಮೊದಲು ಅವನನ್ನು ಕೇಳಿರಿ.

ಹಿರಿಯರಿಗೂ ಒಂದು ಮಾತು. ಕಾನೂನು ನಮ್ಮ ಕೈಯಲ್ಲಿ ಕೆಲವು ಸಾಧನಗಳನ್ನು ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಜಾತಿಗಳ ದಾಖಲೆ ಇರಬೇಕು. ಆ ದಾಖಲೆಯಲ್ಲಿ ಹುಲ್ಲಿನ ಹೆಸರೂ ಹುಲ್ಲಿನ ಹಕ್ಕಿಯ ಹೆಸರೂ ಬರಲಿ. ಊರಿನ ಸಾರ್ವಜನಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಬೆಂಗಳೂರಿನ ಸಮೀಪದ ಹೆಸರಘಟ್ಟದ ಹುಲ್ಲುಗಾವಲನ್ನು ಉಳಿಸಲು ಜನ ವರ್ಷಗಟ್ಟಲೆ ಬೇಡಿಕೆಯಿಟ್ಟರು. 2024ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಮರವಿಲ್ಲದ ನೆಲಕ್ಕೂ ರಕ್ಷಣೆ ದೊರೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಕೊನೆಯದಾಗಿ ನನ್ನ ಬಿನ್ನಹ. ನಾನು ಹೇಳಿದ ಆ ಗಾಯರಾಣದಲ್ಲಿ ತೋಪಿನ ಆಚೆ ಕಲ್ಲುಮರಡಿಯ ಮೇಲೆ ಒಂದಿಷ್ಟು ಹುಲ್ಲು ಇನ್ನೂ ಉಳಿದಿದೆ. ಗುಂಡಿ ತೋಡಲು ಕಲ್ಲು ಅಡ್ಡ ಬಂದದ್ದರಿಂದ ನಾವು ಬಿಟ್ಟ ಭಾಗವದು. ಕಳೆದ ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳು ಸೆಳೆವಗಳು ಇಳಿದದ್ದನ್ನು ನಾನು ಎಣಿಸಿದೆ. ಈಗ ಆ ಭಾಗಕ್ಕೂ ಸಸಿ ನೆಡುವ ಪ್ರಸ್ತಾಪ ಬಂದಿದೆ. ಗ್ರಾಮಸಭೆಯಲ್ಲಿ ಎದ್ದುನಿಂತು ಬೇಡವೆಂದರೆ, "ಮಾಸ್ತರರೇ ಅಂದು ಮಕ್ಕಳ ಕೈಯಿಂದ ಗಿಡ ಹಚ್ಚಿಸಿದವರು, ಇಂದು ಅವರೇ ಬೇಡವೆನ್ನುತ್ತಾರೆ" ಎಂದು ಜನ ನಗುತ್ತಾರೆ. ನಗಲಿ. ಆ ನಗುವಿಗೆ ನಾನು ಅರ್ಹನೇ. ಆದರೆ ಮರಗಳಿಗಾಗಿ ದುಡಿದ ನಿಮ್ಮಂಥವರು, ಹುಲ್ಲೂ ಉಳಿಯಬೇಕೆಂದು ಒಂದು ಕಾಗದ ಬರೆದು ಕೊಟ್ಟರೆ ಆ ಮಾತಿಗೆ ನನ್ನ ಮಾತಿಗಿಂತ ಹೆಚ್ಚು ತೂಕ ಬರುತ್ತದೆ. ಮರವನ್ನು ಪ್ರೀತಿಸುವವರೇ ಹೇಳುತ್ತಿದ್ದಾರಲ್ಲ ಎಂದು ಜನ ಯೋಚಿಸಿಯಾರು. ಆ ಕಾಗದವನ್ನು ಕೇಳಲು ನಾನು ಬಂದಿದ್ದೇನೆ.

ಬೆಳಿಗ್ಗೆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಈಗ ಉತ್ತರ ಹೇಳುತ್ತೇನೆ. ಮಗಳೇ, ನಮ್ಮ ಅಪರೂಪದ ಹಕ್ಕಿಗಳು ಇರುವುದು ಎಲ್ಲರೂ ಖಾಲಿ ಎಂದುಕೊಂಡ ಜಾಗದಲ್ಲಿ. ಡಿಸೆಂಬರಿನಲ್ಲಿ ಡಾಬಕಾಕ್ಕೆ ಬಾ. ಸಂಜೆ ಐದು ಗಂಟೆಗೆ ಮರಡಿಯ ಬಳಿ ಕುಳಿತುಕೊಳ್ಳೋಣ. ಅವು ಬಂದರೆ ತೋರಿಸುತ್ತೇನೆ. ಬಾರದಿದ್ದರೆ ಅದನ್ನೂ ಬರೆದಿಡೋಣ.